ಎದೆಯೆತ್ತರದ ಫ್ಲಾಕ್ಸ್: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಜೆರ್ಸಿಯ ನಮ್ಮ ಮನೆ ಮುಂದೆ ಜುಲೈನಲ್ಲಿ ಫ್ಲಾಕ್ಸ್ ಅರಳಿತೆಂದರೆ ಸಂಜೆ ವಾಕಿಂಗ್ ಹೊರಟವರು ಬೇಲಿ ಹತ್ತಿರ ನಿಂತುಬಿಡುತ್ತಾರೆ. ಹೆಸರು ಕೇಳುತ್ತಾರೆ, ಒಂದು ಬೇರು ಕೇಳುತ್ತಾರೆ. ಮುಂದಿನ ಬೇಸಿಗೆಯಲ್ಲಿ ಅವರಿಂದಲೇ ಫೋನ್ ಬರುತ್ತದೆ: "ಎಲೆ ಮೇಲೆಲ್ಲ ಬಿಳೀ ಪುಡಿ ಬಂದಿದೆಯಲ್ಲಾ!" ಕನ್ನಡ ಸಂಘದ ಊಟದ ಸಾಲಿನಲ್ಲಿ, ವಾಟ್ಸಾಪಿನಲ್ಲಿ, ಊರಿಂದ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಉತ್ತರ ನನ್ನ ಹಿತ್ತಿಲಿನದು, ಅಂದರೆ ಹಿಮ ಬೀಳುವ, ಬೇಸಿಗೆಯಲ್ಲಿ ಬೆವರು ಸುರಿಸುವ ಅಮೆರಿಕದ ಪೂರ್ವ ಕರಾವಳಿಯದು.

## ಮೊದಲ ಪರಿಚಯ

ಬೆಂಗಳೂರಲ್ಲಿ ಚಳಿಗಾಲಕ್ಕೆ ಹಾಕ್ತಿದ್ವಲ್ಲ ಫ್ಲಾಕ್ಸ್, ಇದೂ ಅದೇ ಅಲ್ವಾ?

ಅಲ್ಲ, ಇದು ಅದರ ದೊಡ್ಡಮ್ಮನ ಮಗಳು. ನಮ್ಮೂರಲ್ಲಿ ಮಳೆ ಮುಗಿಯುವ ಹೊತ್ತಿಗೆ ಬೀಜ ಚೆಲ್ಲಿ, ಜನವರಿ ಸುಮಾರಿಗೆ ಹೂ ನೋಡುವ ಗೇಣೆತ್ತರದ ಗಿಡ ಡ್ರಮಂಡನ ಫ್ಲಾಕ್ಸ್. ಥಾಮಸ್ ಡ್ರಮಂಡ್ ಎಂಬ ಸ್ಕಾಟ್ಲೆಂಡಿನ ಸಸ್ಯಸಂಗ್ರಾಹಕ 1830ರ ದಶಕದಲ್ಲಿ ಟೆಕ್ಸಾಸಿನಲ್ಲಿ ಅಲೆದು ಅದರ ಬೀಜವನ್ನು ಬ್ರಿಟನ್ನಿಗೆ ಕಳಿಸಿದ. ಗಿಡಕ್ಕೆ ಅವನ ಹೆಸರು ಬರುವ ಹೊತ್ತಿಗೆ, 1835ರಲ್ಲಿ, ಅವನು ಕ್ಯೂಬಾದಲ್ಲಿ ತೀರಿಕೊಂಡಿದ್ದ. ಅದು ಒಂದೇ ಋತುವಿನ ಗಿಡ. ಹೂ ಬಿಟ್ಟು, ಬೀಜ ಕಟ್ಟಿ ಸಾಯುತ್ತದೆ.

ನಾನು ಇಲ್ಲಿ ಹೇಳುತ್ತಿರುವುದು ಫ್ಲಾಕ್ಸ್ ಪ್ಯಾನಿಕ್ಯುಲೇಟ. ಬಹುವಾರ್ಷಿಕ. ಚಳಿಗಾಲದಲ್ಲಿ ನೆಲದ ಮೇಲಿನ ಭಾಗವೆಲ್ಲ ಒಣಗಿ, ವಸಂತದಲ್ಲಿ ಅದೇ ಬುಡದಿಂದ ಮತ್ತೆ ಚಿಗುರುತ್ತದೆ. ಎರಡರಿಂದ ನಾಲ್ಕು ಅಡಿ ಎತ್ತರ, ತುದಿಯಲ್ಲಿ ಬೊಗಸೆ ತುಂಬುವ ಗೊಂಚಲು, ಸಂಜೆಯ ಹೊತ್ತಿಗೆ ಸಿಹಿ ಪರಿಮಳ. ಅಮೆರಿಕದ ಪೂರ್ವ ಭಾಗದ ಹೊಳೆದಂಡೆ, ಕಾಡಂಚುಗಳೇ ಇದರ ತವರು. ಫ್ಲಾಕ್ಸ್ ಕುಲದಲ್ಲಿ ಅರವತ್ತಕ್ಕೂ ಹೆಚ್ಚು ಜಾತಿಗಳಿದ್ದು, ಸೈಬೀರಿಯದ ಒಂದನ್ನು ಬಿಟ್ಟರೆ ಉಳಿದವೆಲ್ಲ ಉತ್ತರ ಅಮೆರಿಕದವು. ಗ್ರೀಕ್ ಭಾಷೆಯಲ್ಲಿ ಫ್ಲಾಕ್ಸ್ ಎಂದರೆ ಜ್ವಾಲೆ.

ಏಪ್ರಿಲ್‌ನಲ್ಲಿ ನರ್ಸರಿಯಿಂದ ಫ್ಲಾಕ್ಸ್ ತಂದೆ. ಎರಡು ವರ್ಷ ಆಯ್ತು, ನೆಲ ಬಿಟ್ಟು ಮೇಲೇಳ್ತಾನೇ ಇಲ್ಲ.

ಏಳುವುದೂ ಇಲ್ಲ. ನೀವು ತಂದಿರುವುದು ಹಾಸುಫ್ಲಾಕ್ಸ್, ಫ್ಲಾಕ್ಸ್ ಸುಬ್ಯುಲೇಟ. ಏಪ್ರಿಲ್-ಮೇ ತಿಂಗಳಲ್ಲಿ ಕಲ್ಲುಗೋಡೆಗಳ ಮೇಲೆ ಗುಲಾಬಿ ಬಣ್ಣದ ಕಂಬಳಿ ಹಾಸಿದಂತೆ ಕಾಣುವುದು ಅದೇ. ಎಲೆ ಸೂಜಿಯಂತಿದ್ದರೆ ಹಾಸುವುದು, ಮಾವಿನ ಚಿಗುರೆಲೆಯ ಆಕಾರದಲ್ಲಿ ಜೋಡಿ ಜೋಡಿಯಾಗಿ ಎದುರುಬದುರು ಇದ್ದರೆ ಎತ್ತರದ್ದು. ಅಂಗಡಿಯಲ್ಲಿ ಎರಡಕ್ಕೂ ಬರೀ "ಫ್ಲಾಕ್ಸ್" ಎಂದು ಚೀಟಿ ಅಂಟಿಸಿರುತ್ತಾರೆ. ಕೊಳ್ಳುವಾಗ ಎಲೆ ನೋಡಿಕೊಳ್ಳಿ.

ಊರಿಗೆ ಹೋಗುವಾಗ ಸೂಟ್‌ಕೇಸಲ್ಲಿ ಒಂದು ಬೇರು ಇಟ್ಕೊಂಡು ಹೋಗ್ಲಾ ಅಕ್ಕ? ಅಮ್ಮನ ಮನೆ ಅಂಗಳದಲ್ಲಿ ಹಾಕಬೇಕು ಅಂತ ಆಸೆ.

ಬೇಡಮ್ಮ. ಮೊದಲನೆಯದಾಗಿ ಅದು ಕಾನೂನಿಗೆ ವಿರುದ್ಧ. ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿಯೂ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಇಲ್ಲದೆ ಬೇರು, ಕಡ್ಡಿ ಒಯ್ಯುವಂತಿಲ್ಲ. ಬೇರಿನ ಮಣ್ಣಲ್ಲಿ ಯಾವ ಹುಳು ಇದೆಯೋ ಯಾರಿಗೆ ಗೊತ್ತು.

ಎರಡನೆಯದಾಗಿ, ಒಯ್ದರೂ ಅದಕ್ಕೆ ಅಲ್ಲಿ ಸುಖವಿಲ್ಲ. ಈ ಗಿಡಕ್ಕೆ ವರ್ಷಕ್ಕೊಮ್ಮೆ ಚೆನ್ನಾಗಿ ಚಳಿ ತಾಗಬೇಕು, ಸತ್ತಂತೆ ಮಲಗಬೇಕು. ಅಮೆರಿಕದ ಕೃಷಿ ಇಲಾಖೆಯ ಚಳಿ ವಲಯಗಳಲ್ಲಿ 4ರಿಂದ 8 ಇದಕ್ಕೆ ಒಗ್ಗುತ್ತವೆ. 4ನೇ ವಲಯವೆಂದರೆ ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ಜಾಗ! ಜೊತೆಗೆ ಹೂ ಬಿಡಲು ದೀರ್ಘ ಹಗಲಿನ ಪ್ರೇರಣೆ ಬೇಕು. ಜೂನ್‌ನಲ್ಲಿ ನಮ್ಮಲ್ಲಿ ಹಗಲು ಸುಮಾರು 15 ಗಂಟೆ, ಬೆಂಗಳೂರಲ್ಲಿ ಅದು 13 ಗಂಟೆ ಮುಟ್ಟುವುದಿಲ್ಲ. ಅಮ್ಮನ ಅಂಗಳಕ್ಕೆ ಡ್ರಮಂಡನ ಫ್ಲಾಕ್ಸ್ ಬೀಜ ಅಲ್ಲೇ ಸಿಗುತ್ತದೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹಾಕಿಸಿ.

ನಾವು ಟೆಕ್ಸಾಸಿನಲ್ಲಿದ್ದೇವೆ. ಇಲ್ಲಿನ ಬಿಸಿಗೆ ತಡೆಯುತ್ತದೆಯೇ?

ಸಾಮಾನ್ಯ ತಳಿಗಳು ಸೊರಗುತ್ತವೆ. 'ಜಾನ್ ಫ್ಯಾನಿಕ್' ಎಂಬ ತಳಿ ಕೇಳಿ ನೋಡಿ. ಸ್ಯಾನ್ ಆಂಟೋನಿಯೋದ ಒಬ್ಬ ನರ್ಸರಿಯವರ ಹೆಸರು ಹೊತ್ತ ಇದು ಅಲ್ಲಿನ ಬಿಸಿ ಕಂಡೇ ಬೆಳೆದದ್ದು. ಮಧ್ಯಾಹ್ನದ ಮೇಲೆ ನೆರಳು ಬೀಳುವ ಜಾಗ ಕೊಡಿ.

## ನೆಡುವುದು

ಎಷ್ಟು ಬಿಸಿಲು ಬೇಕು? ನಮ್ಮದು ಮೇಪಲ್ ಮರದ ನೆರಳು.

ದಿನಕ್ಕೆ 6 ಗಂಟೆ ಬಿಸಿಲು. ಬೆಳಗಿನ ಬಿಸಿಲು ಬಹಳ ಒಳ್ಳೆಯದು, ಎಲೆ ಮೇಲಿನ ಇಬ್ಬನಿ ಬೇಗ ಆರುತ್ತದೆ. ಮೇಪಲ್ ಬುಡದಲ್ಲಿ ನೆಡಬೇಡಿ. ನೆರಳಿಗಿಂತ ಅದರ ಬೇರಿನದೇ ತೊಂದರೆ, ನೀವು ಹಾಕಿದ ನೀರನ್ನೆಲ್ಲ ಅದೇ ಕುಡಿದುಬಿಡುತ್ತದೆ.

ಯಾವಾಗ ನೆಡಬೇಕು? ಎಷ್ಟು ಆಳ?

ಏಪ್ರಿಲ್-ಮೇ, ಇಲ್ಲವೇ ಸೆಪ್ಟೆಂಬರ್. ಹೂ ನೋಡಿ ಆಸೆಪಟ್ಟು ಜುಲೈನಲ್ಲಿ ತಂದರೂ ನೆಡಬಹುದು, ಆದರೆ ಮೊದಲ ತಿಂಗಳು ದಿನಾ ಅದರ ಮುಖ ನೋಡಬೇಕಾಗುತ್ತದೆ. ಕುಂಡದಲ್ಲಿ ಎಷ್ಟು ಆಳವಿತ್ತೋ ಅಷ್ಟೇ ಆಳ ಸಾಕು. ಅಂಚೆಯಲ್ಲಿ ಮಣ್ಣಿಲ್ಲದ ಬರಿಬೇರು ಬಂದಿದ್ದರೆ ಒಂದು ಗಂಟೆ ನೀರಲ್ಲಿ ನೆನೆಸಿ, ಬೇರನ್ನು ಬೆರಳಿನಂತೆ ಹರಡಿ, ಮೊಳಕೆಯ ಕಣ್ಣುಗಳು ಮಣ್ಣಿನ ಮಟ್ಟಕ್ಕೆ ಇಲ್ಲವೇ ಒಂದಂಗುಲ ಕೆಳಗೆ ಇರುವಂತೆ ಇಡಿ. ಗುಂಡಿಯ ಮಣ್ಣಿಗೆ ಎರಡು ಬೊಗಸೆ ಕಳಿತ ಕಾಂಪೋಸ್ಟ್ ಸೇರಿಸಿ. ನೀರು ನಿಲ್ಲುವ ಜಿಗುಟು ಮಣ್ಣಾದರೆ ಮಡಿಯನ್ನು ಗೇಣು ಎತ್ತರಿಸಿಕೊಳ್ಳಿ.

ಎರಡಡಿ ಅಂತರ ಅಂತೀರಿ. ಮೂರು ಗಿಡ ಇಟ್ರೆ ಮಡಿ ಬೋಳುಬೋಳಾಗಿ ಕಾಣತ್ತೆ. ಹತ್ತಿರ ನೆಟ್ರೆ ಏನಾಗತ್ತೆ?

ನಾನು ಮಾಡಿದ್ದೇ ಆಗುತ್ತದೆ. ಮೊದಲ ವರ್ಷ ಆರಡಿ ಉದ್ದ, ನಾಲ್ಕಡಿ ಅಗಲದ ಮಡಿಯಲ್ಲಿ ಒಂಬತ್ತು ಗಿಡ ಒತ್ತಿದ್ದೆ. ಆ ಬೇಸಿಗೆ ಬಲು ಚೆಂದ, ನೆಂಟರೆಲ್ಲ ಫೋಟೋ ತೆಗೆದುಕೊಂಡರು. ಎರಡನೆಯ ವರ್ಷ ಒಂದೊಂದು ಬುಡದಲ್ಲಿ ಹತ್ತು ಹನ್ನೆರಡು ಕಾಂಡ ಎದ್ದವು. ಮೂರನೆಯ ವರ್ಷ ಜುಲೈ ಮುಗಿಯುವ ಮೊದಲೇ ಇಡೀ ಮಡಿ ವಿಭೂತಿ ಬಳಿದುಕೊಂಡು ನಿಂತಿತ್ತು. ಕೆಳಗಿನ ಎಲೆಗಳು ಒಣಗಿ ಕಾಂಡಕ್ಕೆ ಅಂಟಿಕೊಂಡಿದ್ದವು, ಮೇಲೆ ಮಾತ್ರ ನಾಲ್ಕು ಹೂ. ಒಂದು ಬೇಸಿಗೆಯಿಡೀ ಔಷಧಿ ಹೊಡೆದೆ. ಆ ಸೆಪ್ಟೆಂಬರಿನಲ್ಲಿ ಐದು ಗಿಡ ಕಿತ್ತು ಹಂಚಿಬಿಟ್ಟೆ. ಉಳಿದ ನಾಲ್ಕು ಮುಂದಿನ ವರ್ಷ ಔಷಧಿಯಿಲ್ಲದೆ ಆಗಸ್ಟ್ ಕೊನೆಯವರೆಗೂ ಹಸಿರಾಗಿದ್ದವು.

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ. ಫ್ಲಾಕ್ಸಿನ ಬಗ್ಗೆ ನನಗೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಇಕ್ಕಟ್ಟಿನಿಂದ ಹುಟ್ಟಿದವು. ಗಿಡದಿಂದ ಗಿಡಕ್ಕೆ ಎರಡಡಿ, ಗೋಡೆ-ಬೇಲಿಯಿಂದ ಒಂದೂವರೆ ಅಡಿ ದೂರ ಬಿಡಿ. ಮೊದಲ ವರ್ಷದ ಬೋಳು ಜಾಗಕ್ಕೆ ಚೆಂಡುಹೂ ಹಾಕಿ, ಕೊತ್ತಂಬರಿ ಬಿತ್ತಿ, ಏನಾದರೂ ಮಾಡಿ. ಇನ್ನೊಂದು ಫ್ಲಾಕ್ಸ್ ಮಾತ್ರ ಇಡಬೇಡಿ.

ಅಪಾರ್ಟ್‌ಮೆಂಟ್ ಬಾಲ್ಕನಿಯ ಕುಂಡದಲ್ಲಿ ಬರುತ್ತದೆಯೇ?

ಗಿಡ್ಡ ತಳಿಗಳು ಬರುತ್ತವೆ. ಒಂದೂವರೆ ಅಡಿ ಎತ್ತರಕ್ಕೇ ನಿಲ್ಲುವಂಥವು ಈಗ ಬೇಕಾದಷ್ಟು ಸಿಗುತ್ತವೆ. ಕುಂಡ ಕನಿಷ್ಠ ಒಂದಡಿ ಅಗಲ, ಒಂದಡಿ ಆಳ ಇರಲಿ. ಬೇಸಿಗೆಯಲ್ಲಿ ದಿನಾ ನೀರು ಕೇಳುತ್ತದೆ. ಆದರೆ ಹೆಚ್ಚಿನವರು ಸೋಲುವುದು ಚಳಿಗಾಲದಲ್ಲಿ. ನೆಲದಲ್ಲಿ ತಡೆಯುವ ಗಿಡವೇ ಕುಂಡದಲ್ಲಿ ತಡೆಯುವುದಿಲ್ಲ, ಯಾಕೆಂದರೆ ಬೇರಿಗೆ ನಾಲ್ಕೂ ಕಡೆಯಿಂದ ಚಳಿ ಹೊಡೆಯುತ್ತದೆ. ಹೀಟರ್ ಇಲ್ಲದ ಗರಾಜಿನಲ್ಲಿಟ್ಟು ತಿಂಗಳಿಗೊಮ್ಮೆ ಒಂದು ಲೋಟ ನೀರು ಕೊಡಿ. ಪಾಪವೆಂದು ಮನೆಯೊಳಗೆ ಬೆಚ್ಚಗೆ ಇಟ್ಟುಕೊಂಡರೆ ಅದಕ್ಕೆ ನಿದ್ದೆ ಬರುವುದಿಲ್ಲ, ಹೂವೂ ಬರುವುದಿಲ್ಲ.

## ವರ್ಷವಿಡೀ ಆರೈಕೆ

ನೀರು ಎಷ್ಟು ಹಾಕಬೇಕು? ಸ್ಪ್ರಿಂಕ್ಲರ್ ಸಾಕಲ್ವಾ?

ಮಳೆಯೂ ಸೇರಿ ವಾರಕ್ಕೆ ಒಂದಿಂಚು ನೀರು ಬೇಕು. ಹೊಳೆದಂಡೆಯ ಗಿಡ, ಬಾಯಾರಿಕೆ ತಡೆಯುವುದಿಲ್ಲ. ಸ್ಪ್ರಿಂಕ್ಲರ್ ತಲೆ ತೋಯಿಸುತ್ತದೆ, ಇದಕ್ಕೆ ಬೇಕಾದ್ದು ಕಾಲಿಗೆ. ಬುಡದಲ್ಲಿ ತೂತಿನ ಪೈಪ್ ಸುತ್ತಿಟ್ಟು ಬೆಳಗ್ಗೆ ಮುಕ್ಕಾಲು ಗಂಟೆ ಬಿಡಿ. ಮೇಲೆ ಎರಡು ಮೂರಂಗುಲ ತರಗೆಲೆಯನ್ನೋ ಮರದ ತೊಗಟೆಯನ್ನೋ ಹೊದಿಸಿದರೆ ಅರ್ಧ ಕೆಲಸ ಉಳಿಯುತ್ತದೆ. ಹೊದಿಕೆ ಕಾಂಡಕ್ಕೆ ತಾಗದಂತೆ ಬೆರಳಗಲ ಜಾಗ ಬಿಟ್ಟಿರಿ.

ಡಿಕಾಕ್ಷನ್ ಇಳಿಸಿದ ಮೇಲೆ ಉಳಿದ ಕಾಫಿಪುಡಿ, ಮೊಟ್ಟೆ ಚಿಪ್ಪು, ಬಾಳೆಹಣ್ಣಿನ ಸಿಪ್ಪೆ. ಇವುಗಳಲ್ಲಿ ಫ್ಲಾಕ್ಸಿಗೆ ಯಾವುದು ಹಾಕಲಿ?

ಮೂರನ್ನೂ ಕಾಂಪೋಸ್ಟ್ ಡಬ್ಬಕ್ಕೆ ಹಾಕಿ, ಕಳಿತ ಮೇಲೆ ತನ್ನಿ. ವಸಂತದಲ್ಲಿ ಚಿಗುರು ಕಾಣುತ್ತಲೇ ಒಂದಂಗುಲ ಕಾಂಪೋಸ್ಟ್ ಬುಡದ ಸುತ್ತ ಹರಡಿದರೆ ಆ ವರ್ಷಕ್ಕೆ ಬಹುತೇಕ ಸಾಕು. ಹುಲ್ಲುಹಾಸಿಗೆ ಹಾಕುವ ಸಾರಜನಕದ ಗೊಬ್ಬರ ಹತ್ತಿರ ಬೀಳದಂತೆ ನೋಡಿಕೊಳ್ಳಿ. ಅದು ಬಿದ್ದರೆ ಎಲೆ ರಸಭರಿತವಾಗಿ ಕಾಂಡ ಬಾಗುತ್ತದೆ, ರೋಗಕ್ಕೂ ಹಬ್ಬ.

ಹೂ ಬಾಡಿದ ಮೇಲೆ ಗೊಂಚಲು ಕತ್ತರಿಸಲೇಬೇಕಾ?

ಕತ್ತರಿಸಿ. ಗೊಂಚಲಿನ ಕೆಳಗಿನ ಮೊದಲ ಎಲೆಜೋಡಿಯ ಮೇಲೆ ಕತ್ತರಿ ಇಟ್ಟರೆ ಆ ಕಂಕುಳಿಂದ ಚಿಕ್ಕ ಗೊಂಚಲುಗಳು ಬಂದು ಸೆಪ್ಟೆಂಬರಿನವರೆಗೂ ಹೂ ನಡೆಯುತ್ತದೆ. ಕತ್ತರಿಸದಿದ್ದರೆ ಬೀಜ ಸಿಡಿದು ಏನಾಗುತ್ತದೆ ಎಂಬುದನ್ನು ಕೊನೆಯ ಭಾಗದಲ್ಲಿ ನೋಡಿ.

ನವೆಂಬರ್‌ಗೆ ಗಿಡ ಪೂರ್ತಿ ಸತ್ತೋಯ್ತು ಅಂತ ಕಿತ್ತು ಬಿಸಾಕಿದೆ. ತಪ್ಪು ಮಾಡಿದ್ನಾ?

ಹೌದು, ಬದುಕಿದ್ದನ್ನೇ ಬಿಸಾಕಿದ್ದೀರಿ! ನೊಂದುಕೊಳ್ಳಬೇಡಿ, ನಮ್ಮೂರಿಂದ ಬಂದ ಎಲ್ಲರೂ ಮೊದಲ ಚಳಿಗಾಲದಲ್ಲಿ ಒಂದಲ್ಲ ಒಂದು ಗಿಡಕ್ಕೆ ಹೀಗೆ ತಿಥಿ ಮಾಡಿರುತ್ತಾರೆ. ಮುಂದಿನ ಸಲ ಎರಡು ಮೂರು ಮಂಜಿನ ಏಟು ಬಿದ್ದು ಕಾಂಡ ಕಂದಾದ ಮೇಲೆ ಎರಡಂಗುಲ ಮೋಟು ಬಿಟ್ಟು ಕತ್ತರಿಸಿ. ರೋಗ ಬಂದಿದ್ದ ಕಾಂಡ-ಎಲೆಯನ್ನು ಕಾಂಪೋಸ್ಟಿಗೆ ಹಾಕದೆ ಚೀಲ ಕಟ್ಟಿ ಕಸಕ್ಕೆ ಕೊಡಿ. ಹೊಸದಾಗಿ ನೆಟ್ಟ ಗಿಡವಾದರೆ ನೆಲ ಹೆಪ್ಪುಗಟ್ಟಿದ ಮೇಲೆ ತರಗೆಲೆ ಹೊದಿಸಿ. ನೆಲ ಗಟ್ಟಿಯಾಗಿ, ಕರಗಿ, ಮತ್ತೆ ಗಟ್ಟಿಯಾಗುವಾಗ ಎಳೆ ಬುಡವನ್ನು ಮೇಲಕ್ಕೆ ಒದ್ದುಬಿಡುತ್ತದೆ. ಹೊದಿಕೆ ಅದನ್ನು ತಡೆಯಲಿಕ್ಕೆ, ಬೆಚ್ಚಗಿಡಲಿಕ್ಕಲ್ಲ.

ಗೌರಿ-ಗಣೇಶ ಹಬ್ಬಕ್ಕೆ ಸರಿಯಾಗಿ ಹೂ ಇರತ್ತೆ. ದೇವರಿಗೆ ಏರಿಸಬಹುದಾ? ಮಾಲೆ ಕಟ್ಟಲು ಬರತ್ತಾ?

ಏರಿಸಬಾರದು ಎನ್ನಲು ಈ ಹೂವಿನ ಹೆಸರು ಯಾವ ಶಾಸ್ತ್ರದಲ್ಲೂ ಬಂದಿರಲಾರದು, ಊರೇ ಬೇರೆ. ನಾನು ಏರಿಸುತ್ತೇನೆ. ವರಮಹಾಲಕ್ಷ್ಮಿಗೆ 'ಡೇವಿಡ್' ತಳಿಯ ಬಿಳಿ ಗೊಂಚಲನ್ನು ಹಾಗೇ ಕಳಶದ ಪಕ್ಕ ಇಟ್ಟರೆ ಮಲ್ಲಿಗೆ ಇಲ್ಲದ ಕೊರತೆ ಸ್ವಲ್ಪ ಮರೆಯುತ್ತದೆ. ಬಿಡಿ ಹೂವಿಗೆ ಕನಕಾಂಬರದಂತೆ ಉದ್ದ ಕೊಳವೆಯಿದೆ, ದಾರದಲ್ಲಿ ಕಟ್ಟಬಹುದು. ಆದರೆ ಬಲು ಮೆದು, ಬೆಳಗ್ಗೆ ಕಟ್ಟಿದ್ದು ಮಧ್ಯಾಹ್ನದ ಮಂಗಳಾರತಿ ಹೊತ್ತಿಗೆ ಜೋಲು ಬೀಳುತ್ತದೆ. ಅರ್ಚನೆಗೆ ಬಿಡಿ ಹೂ, ಅಲಂಕಾರಕ್ಕೆ ನೀರಲ್ಲಿಟ್ಟ ಗೊಂಚಲು, ಇಷ್ಟೇ ಇದರಿಂದ ಆಗುವುದು. ಅರ್ಧ ಗೊಂಚಲು ಅರಳಿದ್ದಾಗ ಮುಂಜಾನೆ ಕೊಯ್ದು ಹೂದಾನಿಯಲ್ಲಿಟ್ಟರೆ ಐದಾರು ದಿನ ಇರುತ್ತದೆ.

## ರೋಗ, ಹುಳು, ಜಿಂಕೆ

ಎಲೆ ಮೇಲೆ ವಿಭೂತಿ ಉದುರಿಸಿದ ಹಾಗೆ ಬಿಳಿ ಪುಡಿ. ಮಳೆನೇ ಇಲ್ಲ, ಹೇಗೆ ಬಂತು?

ಇದೇ ಬೂದಿ ರೋಗ. ದ್ರಾಕ್ಷಿ, ಹೆಸರುಕಾಳು ಬೆಳೆದವರಿಗೆ ಊರಲ್ಲೇ ಇದರ ಪರಿಚಯ ಇರುತ್ತದೆ. ಬೇರೆ ಹೆಚ್ಚಿನ ಶಿಲೀಂಧ್ರಗಳಿಗೆ ಮೊಳೆಯಲು ಎಲೆ ಒದ್ದೆಯಿರಬೇಕು. ಇದಕ್ಕೆ ಬೇಡ. ಹಗಲು ಒಣ ಬಿಸಿ, ರಾತ್ರಿ ತಂಪು ಮತ್ತು ತೇವದ ಗಾಳಿ, ಬುಡದಲ್ಲಿ ಬಾಯಾರಿಕೆ: ಈ ಮೂರು ಕೂಡಿದರೆ ಸಾಕು. ಆದ್ದರಿಂದಲೇ ಮಳೆಯಿಲ್ಲದ ಆಗಸ್ಟ್ ಅದಕ್ಕೆ ಸುಗ್ಗಿ.

ಗಾಳಿಯೇ ಇದಕ್ಕೆ ಮೊದಲ ಮದ್ದು. ಗಿಡಗಳ ನಡುವಿನ ಅಂತರವನ್ನು ಮೇಲೆ ಹೇಳಿದ್ದೇನೆ, ಇನ್ನು ಬುಡದೊಳಗಿನ ಅಂತರ. ಮೇ ತಿಂಗಳಲ್ಲಿ ಚಿಗುರು ಗೇಣುದ್ದ ಬಂದಾಗ ಪ್ರತಿ ಬುಡದಲ್ಲಿ ಗಟ್ಟಿಯಾದ ಐದಾರು ಕಾಂಡ ಉಳಿಸಿ, ಸಣಕಲುಗಳನ್ನು ನೆಲಮಟ್ಟಕ್ಕೆ ಕತ್ತರಿಸಿ. ಕೈ ನಡುಗುತ್ತದೆ, ನನಗೂ ನಡುಗುತ್ತಿತ್ತು. ಆದರೆ ಉಳಿದ ಕಾಂಡದ ಗೊಂಚಲು ಎಷ್ಟು ದಪ್ಪವಾಗುತ್ತದೆಂದು ಒಮ್ಮೆ ನೋಡಿದರೆ ಮುಂದಿನ ವರ್ಷ ನೀವೇ ಕತ್ತರಿ ಹುಡುಕುತ್ತೀರಿ. ಕತ್ತರಿಸಿದ ಎಳೆಕಾಂಡವನ್ನೂ ಎಸೆಯಬೇಡಿ, ನಾಲ್ಕಂಗುಲದ ತುದಿಯನ್ನು ಒದ್ದೆ ಮರಳಲ್ಲಿ ಚುಚ್ಚಿದರೆ ಬೇರು ಬಿಡುತ್ತದೆ.

ಔಷಧಿಯ ವಿಚಾರ. ಒಮ್ಮೆ ಎಲೆ ಬೆಳ್ಳಗಾದ ಮೇಲೆ ಯಾವುದು ಹೊಡೆದರೂ ಅದು ಮತ್ತೆ ಹಸಿರಾಗುವುದಿಲ್ಲ. ಆದ್ದರಿಂದ ಮೊದಲ ಚುಕ್ಕೆ ಕಂಡಾಗಲೇ ಶುರುಮಾಡಬೇಕು. ಪೊಟ್ಯಾಸಿಯಂ ಬೈಕಾರ್ಬೊನೇಟ್ ಸಿದ್ಧ ಪೊಟ್ಟಣದಲ್ಲಿ ಸಿಗುತ್ತದೆ. ಅಡುಗೆ ಸೋಡಕ್ಕಿಂತ ಅದು ಮೇಲು, ಸೋಡದ ಸೋಡಿಯಂ ಮಣ್ಣಲ್ಲಿ ಕೂತುಬಿಡುತ್ತದೆ. ಗಂಧಕವೂ ಕೆಲಸ ಮಾಡುತ್ತದೆ, ಆದರೆ 90 ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಲ್ಲಿ ಹೊಡೆದರೆ ಎಲೆಯೇ ಸುಡುತ್ತದೆ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಲೇಬಾರದು. ನನ್ನ ಮಟ್ಟಿಗೆ, ಪ್ರತಿವರ್ಷ ಔಷಧಿ ಬೇಡುವ ಗಿಡವಿದ್ದರೆ ಅದನ್ನು ಕಿತ್ತು, ತಡೆಯುವ ತಳಿ ತಂದಿಡುವುದೇ ಲೇಸು. ಬಿಳಿಯ 'ಡೇವಿಡ್', ಚಿಕ್ಕ ಹೂವಿನ 'ಜೀನಾ', ನೇರಳೆಗೆಂಪಿನ 'ರಾಬರ್ಟ್ ಪೂರ್', ಈ ಮೂರು ಬಹುಮಟ್ಟಿಗೆ ತಡೆಯುತ್ತವೆ. ಕೆಂಪು 'ಸ್ಟಾರ್‌ಫೈರ್' ನೋಡಲು ದೀಪದಂತಿದೆ, ಆದರೆ ನನ್ನ ಮಡಿಯಲ್ಲಿ ಅದೇ ಮೊದಲು ಬೆಳ್ಳಗಾಗುವುದು. ಆದರೂ ಇಟ್ಟುಕೊಂಡಿದ್ದೇನೆ. ಮೋಹ.

ಈ ಬೂದಿ ಪಕ್ಕದ ಹೀರೆ ಬಳ್ಳಿಗೆ ಹಬ್ಬುತ್ತದೆಯೇ?

ಬೂದಿ ರೋಗದ ಶಿಲೀಂಧ್ರಗಳು ಬಹುಮಟ್ಟಿಗೆ ತಮ್ಮ ತಮ್ಮ ಗಿಡಕ್ಕೇ ಮೀಸಲು. ಹೀರೆ, ಸೌತೆಗೆ ಸಾಮಾನ್ಯವಾಗಿ ಬರುವ ಬೂದಿಯೇ ಬೇರೆ. ಎರಡೂ ಒಂದೇ ವಾರ ಕಾಣಿಸಿಕೊಂಡರೆ ಅದಕ್ಕೆ ಹವೆ ಕಾರಣ.

ಬೆಳಗ್ಗೆ ಎದ್ದು ನೋಡಿದ್ರೆ ಮೊಗ್ಗೆಲ್ಲ ಮಾಯ. ಕತ್ತರಿಸಿದ ಹಾಗೆ ಇದೆ.

ಜಿಂಕೆ. ಫ್ಲಾಕ್ಸ್ ಅವಕ್ಕೆ ಕೋಸಂಬರಿ ಇದ್ದಂತೆ. ತುದಿ ಹರಿದಂತಿದ್ದರೆ ಜಿಂಕೆ, ನೆಲದಿಂದ ಗೇಣೆತ್ತರದಲ್ಲಿ ಓರೆಯಾಗಿ ಚೊಕ್ಕವಾಗಿ ಕತ್ತರಿಸಿದಂತಿದ್ದರೆ ಮೊಲ. ಮೊಲಕ್ಕೆ ಎರಡಡಿ ಎತ್ತರದ ಕೋಳಿಬಲೆ ಸಾಕು. ಜಿಂಕೆಗೆ ಕೊಳೆತ ಮೊಟ್ಟೆ ವಾಸನೆಯ ದ್ರಾವಣ ಸಿಗುತ್ತದೆ, ಪ್ರತಿ ಮಳೆಯ ನಂತರ ಮತ್ತೆ ಹೊಡೆಯಬೇಕು. ಜೂನ್ ಪೂರ್ತಿ, ಅಂದರೆ ಮೊಗ್ಗು ಕಟ್ಟುವ ತಿಂಗಳು, ತಪ್ಪದೆ ಹೊಡೆದರೆ ಉಳಿದದ್ದು ಸಲೀಸು.

ಎಲೆ ತುಂಬ ಸೂಜಿಮೊನೆಯಷ್ಟು ಹಳದಿ ಚುಕ್ಕೆ, ತುದಿ ಚಿಗುರು ಸೊಟ್ಟ. ಬೂದಿ ಅಲ್ಲ ಅನ್ಸತ್ತೆ.

ಎಲೆ ತಿರುವಿ ನೋಡಿ. ಸಣ್ಣ ಬಲೆ ಇದ್ದರೆ ಜೇಡ ನುಸಿ. ಬಿಸಿಲು ಜೋರಾಗಿ ಬುಡ ಒಣಗಿದಾಗ ಬರುತ್ತದೆ. ಬೆಳಗ್ಗೆ ಪೈಪಿನಿಂದ ಎಲೆಯಡಿಗೆ ರಭಸದ ನೀರು ಬಿಡಿ, ಎಲೆಗೆ ನೀರು ಬೇಡ ಎಂಬ ನನ್ನ ನಿಯಮಕ್ಕೆ ಇದೊಂದು ವಿನಾಯಿತಿ. ಬಲೆಯಿಲ್ಲದೆ, ಕಿತ್ತಳೆ-ಕಪ್ಪು ಬಣ್ಣದ ಚುರುಕು ಹುಳು ಎಲೆ ಹಿಂದೆ ಓಡಿ ಅಡಗಿದರೆ ಅದು ಫ್ಲಾಕ್ಸ್ ತಿಗಣೆ. ಚಳಿಗಾಲದಲ್ಲಿ ಇದರ ಮೊಟ್ಟೆ ಒಣ ಕಾಂಡದಲ್ಲಿರುತ್ತದೆ. ನವೆಂಬರಿನಲ್ಲಿ ಕಾಂಡ ಕತ್ತರಿಸಿ ಸಾಗಹಾಕಿದವರಿಗೆ ಇದರ ಕಾಟ ಕಡಿಮೆ.

## ಕೈ ಪಳಗಿದ ಮೇಲೆ

ಗಿಡ ತುಂಬ ಎತ್ತರ ಹೋಗಿ ಗಾಳಿಗೆ ಬಾಗುತ್ತದೆ. ಚಿವುಟಿದರೆ ಹೂ ಹೋಗುತ್ತದೆಯೇ?

ಹೋಗುವುದಿಲ್ಲ, ತಡವಾಗುತ್ತದೆ. ಮೇ ಕೊನೆಯಲ್ಲಿ ಮೂರನೇ ಒಂದು ಭಾಗ ಕತ್ತರಿಸಿದರೆ ಗಿಡ ಗಿಡ್ಡವಾಗಿ ಕವಲೊಡೆದು, ಎರಡು ಮೂರು ವಾರ ತಡವಾಗಿ ಹೂ ಬಿಡುತ್ತದೆ. ನಾನು ಮುಂದಿನ ಸಾಲಿನ ಕಾಂಡಗಳನ್ನು ಮಾತ್ರ ಕತ್ತರಿಸುತ್ತೇನೆ. ಹಿಂದಿನವು ಜುಲೈನಲ್ಲಿ, ಮುಂದಿನವು ಆಗಸ್ಟಿನಲ್ಲಿ. ಬುಡದ ಬೋಳು ಕಾಲುಗಳೂ ಮುಚ್ಚಿಹೋಗುತ್ತವೆ.

ಆರು ವರ್ಷದ ಬುಡ. ಮಧ್ಯ ಖಾಲಿ, ಸುತ್ತ ಮಾತ್ರ ಚಿಗುರು. ಮುದಿಯಾಯಿತೇ?

ಬುಡ ಒಡೆಯುವ ಕಾಲ ಬಂದಿದೆ, ನಿಜ ಹೇಳಬೇಕೆಂದರೆ ದಾಟಿದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಮಾಡಬೇಕು. ಏಪ್ರಿಲ್‌ನಲ್ಲಿ ಚಿಗುರು ಎರಡಂಗುಲ ಇದ್ದಾಗ ಅಥವಾ ಸೆಪ್ಟೆಂಬರಿನಲ್ಲಿ ಇಡೀ ಬುಡ ಅಗೆದು, ಚೂಪು ಸನಿಕೆಯಿಂದ ಸೀಳಿ. ಹೊರಸುತ್ತಿನ ತುಂಡುಗಳಲ್ಲಿ ತಲಾ ಮೂರರಿಂದ ಐದು ಕಣ್ಣಿರಲಿ. ನಡುವಿನ ಕೊರಡನ್ನು ಎಸೆಯಿರಿ.

ಅಂಗಡಿಯವರು ಆಕಾಶನೀಲಿ ಅಂದ್ರು, ನಮ್ಮ ಮನೇಲಿ ನೇರಳೆ. ಮೋಸ ಅಲ್ವಾ?

ಎಷ್ಟು ಹೊತ್ತಿಗೆ ನೋಡಿದಿರಿ? 'ಬ್ಲೂ ಪ್ಯಾರಡೈಸ್' ಥರದ ತಳಿಗಳು ಮುಂಜಾನೆ ಮತ್ತು ಮುಸ್ಸಂಜೆ ನೀಲಿ, ನಡುಹಗಲು ನೇರಳೆ. ಸಂಜೆ ಕಾಫಿ ಹಿಡಿದು ಕೂರುವ ಕಡೆ ನೆಡಿ, ದುಡ್ಡು ವಸೂಲಾಗುತ್ತದೆ. ಆ ಹೊತ್ತಿಗೇ ಪರಿಮಳವೂ ಏರುತ್ತದೆ. ದುಂಬಿಯೋ ಹಮ್ಮಿಂಗ್‌ಬರ್ಡೋ ಎಂದು ತಿಳಿಯದಂಥ, ರೆಕ್ಕೆ ಪಾರದರ್ಶಕವಾದ ಪತಂಗವೊಂದು ಬಂದು ಹೂವಿನೆದುರು ಗಾಳಿಯಲ್ಲೇ ನಿಂತು ಜೇನು ಹೀರುವುದನ್ನು ನೋಡಲು ಸಿಕ್ಕರೂ ಸಿಕ್ಕೀತು.

ಬಿಳಿ ಫ್ಲಾಕ್ಸ್ ಹಾಕಿದ್ದೆ. ನಾಲ್ಕು ವರ್ಷಕ್ಕೆ ಎಲ್ಲ ಮಾಸಲು ಗುಲಾಬಿಗೆ ತಿರುಗಿದೆ. ಬಣ್ಣ ಹೇಗೆ ಬದಲಾಯ್ತು?

ಬಣ್ಣ ಬದಲಾಗಿಲ್ಲ, ಗಿಡವೇ ಬದಲಾಗಿದೆ. ಒಣಗಿದ ಕಾಯಿ ಬಿರಿದು ಬೀಜ ದೂರಕ್ಕೆ ಸಿಡಿಯುತ್ತದೆ. ಆ ಸಸಿಗಳು ತಾಯಿಯಂತಿರದೆ ಕಾಡಿನ ಅಜ್ಜಿಯ ನೇರಳೆಗುಲಾಬಿಗೆ ಮರಳುತ್ತವೆ, ಬಲವೂ ಹೆಚ್ಚು, ತಾಯಿಯ ಬುಡದಲ್ಲೇ ಹುಟ್ಟಿ ತಾಯಿಯನ್ನೇ ಮುಚ್ಚುತ್ತವೆ. ಹೂ ಇದ್ದಾಗ ಬೇಡದ ಬಣ್ಣದ ಕಾಂಡ ಗುರುತಿಸಿ ಬೇರುಸಮೇತ ಕೀಳಿ.

ಕಾಂಡ ಊದಿಕೊಂಡಿದೆ, ತುದಿ ಎಲೆಗಳು ದಾರದ ಹಾಗೆ ಸಣ್ಣ. ಗೊಬ್ಬರ ಕಮ್ಮಿಯಾ?

ಅಲ್ಲ, ಗೊಬ್ಬರ ಹಾಕಿ ಕಾಲ ಕಳೆಯಬೇಡಿ. ಅದು ಕಾಂಡದ ಜಂತುಹುಳು, ಕಣ್ಣಿಗೆ ಕಾಣದಷ್ಟು ಸಣ್ಣದು. ಕಾಂಡ ಕುಳ್ಳಗೆ, ಸೀಳು ಸೀಳಾಗಿ, ಎಲೆಯ ನಡುನರ ಮಾತ್ರ ಉಳಿದಂತಾಗುವುದು ಇದರ ಗುರುತು. ಹೊಡೆಯಲು ಮನೆಮದ್ದಿಲ್ಲ. ಗಿಡ ಅಗೆದು ಕಸಕ್ಕೆ ಕೊಟ್ಟು, ಆ ಜಾಗದಲ್ಲಿ ಕೆಲವು ವರ್ಷ ಫ್ಲಾಕ್ಸ್ ನೆಡಬೇಡಿ. ಬೇರೆ ಕಡೆ ಸಿಗದ ಹಳೇ ತಳಿಯಾಗಿದ್ದರೆ ಉಳಿಸಿಕೊಳ್ಳಲು ಒಂದು ದಾರಿಯಿದೆ. ಈ ಹುಳು ಕಾಂಡ, ಎಲೆಗಳಲ್ಲಿ ವಾಸಿಸುತ್ತದೆ, ಬೇರಿನೊಳಗಲ್ಲ. ನವೆಂಬರಿನಲ್ಲಿ ದಪ್ಪ ಬೇರುಗಳನ್ನು ಆರಿಸಿ, ಚೆನ್ನಾಗಿ ತೊಳೆದು, ಎರಡಂಗುಲದ ತುಂಡು ಮಾಡಿ. ತಟ್ಟೆಯಲ್ಲಿ ಹೊಸ ಮಣ್ಣಿನ ಮೇಲೆ ಅಡ್ಡಡ್ಡ ಮಲಗಿಸಿ ಅರ್ಧ ಅಂಗುಲ ಮಣ್ಣು ಮುಚ್ಚಿ. ತಣ್ಣನೆ ಗರಾಜಿನಲ್ಲಿಟ್ಟರೆ ವಸಂತಕ್ಕೆ ಚಿಗುರು.

ಒಂದು ಎಚ್ಚರಿಕೆ: 'ನೋರಾ ಲೀ' ಥರದ ಬಿಳಿಯಂಚಿನ ಎಲೆಯವನ್ನು ಹೀಗೆ ಮಾಡಿದರೆ ಬರೀ ಹಸಿರೆಲೆಯ ಗಿಡ ಬರುತ್ತದೆ. ಬಿಳಿಯಂಚು ಹುಟ್ಟುವುದು ಕಾಂಡದ ತುದಿಯ ಹೊರಪದರದಿಂದ. ಬೇರಿಂದ ಹೊಸ ಮೊಗ್ಗು ಏಳುವುದು ಒಳಗಿನ ಪದರದಿಂದ. ಅಂಥವನ್ನು ಹೆಚ್ಚಿಸಲು ಹುಳುವಿಲ್ಲದ ಗಿಡದ ಬುಡ ಒಡೆಯಬೇಕು, ಇಲ್ಲವೇ ಕಾಂಡದ ತುದಿ ಚುಚ್ಚಬೇಕು.

ಬೀಜ ಹಾಕಿ ನನ್ನದೇ ಹೊಸ ಬಣ್ಣ ಮಾಡಬಹುದೇ?

ತಾಳ್ಮೆ ಇದ್ದರೆ ಮಾಡಿ. ಕಾಯಿ ಕಂದಾಗುತ್ತಲೇ ತೆಳು ಬಟ್ಟೆಯ ಚೀಲ ಕಟ್ಟಿಡಿ, ಇಲ್ಲದಿದ್ದರೆ ಸಿಡಿದು ಹೋಗುತ್ತದೆ. ತಾಜಾ ಬೀಜವನ್ನು ಅಕ್ಟೋಬರ್-ನವೆಂಬರಿನಲ್ಲಿ ಹೊರಗೇ ಬಿತ್ತಿ, ಚಳಿ ಉಂಡ ಮೇಲೆ ವಸಂತದಲ್ಲಿ ಮೊಳೆಯುತ್ತವೆ. ಹೂ ನೋಡಲು ಬಹುತೇಕ ಎರಡನೆಯ ಬೇಸಿಗೆಯವರೆಗೆ ಕಾಯಬೇಕು. ಜರ್ಮನಿಯ ಪಾಟ್ಸ್‌ಡಾಮ್‌ನ ತಳಿಗಾರ ಕಾರ್ಲ್ ಫೋರ್‌ಸ್ಟರ್ ಅಂಥವರು ಜೀವಮಾನವಿಡೀ ಸಸಿ ಬೆಳೆಸಿ ಆರಿಸಿದವರು. ಆದರೆ ಅದೃಷ್ಟವೂ ಕೈಹಿಡಿಯುತ್ತದೆ. 2002ರಲ್ಲಿ ಅಮೆರಿಕದ ವರ್ಷದ ಬಹುವಾರ್ಷಿಕ ಗಿಡವೆನಿಸಿದ 'ಡೇವಿಡ್' ಯಾರೂ ಸಂಕರ ಮಾಡಿದ್ದಲ್ಲ. ಪೆನ್ಸಿಲ್ವೇನಿಯದ ಚ್ಯಾಡ್ಸ್ ಫೋರ್ಡ್‌ನಲ್ಲಿ ಬ್ರ್ಯಾಂಡಿವೈನ್ ಕಲಾ ಸಂಗ್ರಹಾಲಯದ ಬಳಿ ತಾನಾಗಿ ಬೆಳೆದಿದ್ದು ಕಣ್ಣಿಗೆ ಬಿತ್ತು. 'ಜೀನಾ' ಸಿಕ್ಕಿದ್ದು ಟೆನೆಸೀಯ ನ್ಯಾಶ್‌ವಿಲ್ ಬಳಿ ಹಾರ್ಪೆತ್ ನದಿಯ ದಡದಲ್ಲಿ. ಹೂ ಮೂಗುತಿಯಷ್ಟು ಚಿಕ್ಕದು, ಆದರೂ ಡೆಲವೇರ್‌ನ ಮೌಂಟ್ ಕ್ಯೂಬ ಸೆಂಟರ್‌ನವರು ಹತ್ತಾರು ತಳಿ ಒಟ್ಟಿಗೆ ಬೆಳೆಸಿ ನೋಡಿದಾಗ ಚಿಟ್ಟೆಗಳು ಅತಿ ಹೆಚ್ಚು ಮುತ್ತಿದ್ದು ಇದನ್ನೇ.

ನಿಮ್ಮ ನೂರು ಸಸಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಮಾಸಲು ಗುಲಾಬಿಯೇ ಬರುತ್ತವೆಂದು ತಿಳಿದಿರಿ. ಒಂದು ಮನಸ್ಸಿಗೆ ಹಿಡಿಸಿದರೆ ಹೂವಿದ್ದಾಗಲೇ ಅದರ ಬುಡಕ್ಕೆ ಬಣ್ಣದ ಉಣ್ಣೆದಾರ ಕಟ್ಟಿ, ಪಕ್ಕದಲ್ಲಿ ಕಡ್ಡಿ ಚುಚ್ಚಿ. ನವೆಂಬರಿನಲ್ಲಿ ಎಲ್ಲ ಮೋಟೂ ಒಂದೇ ಥರ ಕಾಣುತ್ತವೆ.